ಹಳೇ ಮಿಲಿಟರಿ ಲಾರಿ ನಿಜಕ್ಕೂ ಎಷ್ಟು ಎಳೆಯುತ್ತದೆ?

2012ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಮ್ಯಾಂಚೆಸ್ಟರ್ ಬುಲೆವಾರ್ಡ್ ಸೇತುವೆ ದಾಟಿಸಲು ‘ಎಂಡೆವರ್’ ಬಾಹ್ಯಾಕಾಶ ನೌಕೆಯನ್ನು ಒಂದು ಟೊಯೋಟಾ ಟುಂಡ್ರಾ ಪಿಕಪ್‌ಗೆ ಕಟ್ಟಿದರು. ನೌಕೆ ಮತ್ತು ಅದನ್ನು ಹೊತ್ತ ಗಾಲಿಬಂಡಿ ಸೇರಿ ಸುಮಾರು 132 ಟನ್. ಆ ಪಿಕಪ್‌ಗೆ ಕಂಪನಿ ಹೇಳಿದ್ದ ಎಳೆಯುವ ಮಿತಿ ಐದು ಟನ್ನಿನೊಳಗೆ. ಆದರೂ ಅದು ಎಳೆದುಕೊಂಡು ಹೋಯಿತು. ಇಂಥ ವಿಡಿಯೋ ನೋಡಿದವರು “ಕಂಪನಿಯವರು ಸುಮ್ಮನೆ ಕಡಿಮೆ ಬರೆಯುತ್ತಾರೆ” ಎಂಬ ತೀರ್ಮಾನಕ್ಕೆ ಬರುತ್ತಾರೆ. ಇದು ಬಹಳ ಅಪಾಯದ ತೀರ್ಮಾನ. ಸಪಾಟಾದ ಗಟ್ಟಿ ನೆಲದಲ್ಲಿ ಚಕ್ರ ಉರುಳಲು ತೂಕದ ನೂರರಲ್ಲೊಂದು ಪಾಲಿನಷ್ಟು ಬಲ ಸಾಕು. ಅಂದರೆ 132 ಟನ್ನಿಗೆ ಬೇಕಾದ ಎಳೆತ 1.3 ಟನ್ ಮಾತ್ರ. ಜಲ್ಲಿ ಹಾದಿಯಲ್ಲಿ ಇದು ಎರಡು-ಮೂರು ಪಟ್ಟಾಗುತ್ತದೆ, ಸಡಿಲ ಮರಳಿನಲ್ಲಿ ಹತ್ತು ಪಟ್ಟು ದಾಟುತ್ತದೆ. ಏರು ಬಂದರೆ ಲೆಕ್ಕವೇ ಬೇರೆ.

ಹಾಗಾಗಿ ‘ಎಷ್ಟು ಟನ್ ಎಳೆಯುತ್ತದೆ’ ಎನ್ನುವುದಕ್ಕಿಂತ ‘ಕೊಕ್ಕೆಯಲ್ಲಿ ಎಷ್ಟು ಬಲ ಸಿಗುತ್ತದೆ’ ಎಂಬುದೇ ಸರಿಯಾದ ಪ್ರಶ್ನೆ. ಅಮೆರಿಕದ ರೈತರು ಇದನ್ನು ನೂರು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡಿದ್ದರು. ಜಾಹೀರಾತಿನಲ್ಲಿ ಒಂದು ಹೇಳಿ ಹೊಲದಲ್ಲಿ ಕೈಕೊಡುವ ಟ್ರ್ಯಾಕ್ಟರ್‌ಗಳಿಂದ ಬೇಸತ್ತ ನೆಬ್ರಾಸ್ಕ ರಾಜ್ಯ, ಪರೀಕ್ಷೆಗೆ ಒಳಗಾಗದ ಟ್ರ್ಯಾಕ್ಟರನ್ನು ಮಾರುವಂತಿಲ್ಲ ಎಂದು 1919ರಲ್ಲಿ ಕಾನೂನು ಮಾಡಿತು. 1920ರಲ್ಲಿ ಮೊದಲು ಪಾಸಾದದ್ದು ವಾಟರ್‌ಲೂ ಬಾಯ್ ಮಾಡೆಲ್ ಎನ್. ಎಂಜಿನ್ನಿನ ಶಕ್ತಿಯ ಜೊತೆಗೆ ಹಿಂದಿನ ಕೊಕ್ಕೆಯಲ್ಲಿ ಸಿಗುವ ಎಳೆತವನ್ನೂ ಅಲ್ಲಿ ಬೇರೆಯಾಗಿ ಅಳೆಯುತ್ತಿದ್ದರು.

ಅದೇ ಅಳತೆಯನ್ನು ಅಮೆರಿಕ ಸೇನೆಯ ಎಂ35ಎ2 ಲಾರಿಗೆ ಹಚ್ಚೋಣ. ಸೇನೆ ಹರಾಜಿಗಿಟ್ಟ ಈ ಆರು ಚಕ್ರದ ‘ಡ್ಯೂಸ್ ಅಂಡ್ ಎ ಹಾಫ್’ ಅನ್ನು ಕೊಂಡು ಮಾರ್ಪಡಿಸುವವರು ಅಲ್ಲಿ ಬಹಳ. ಖಾಲಿ ತೂಕ ಸುಮಾರು 6 ಟನ್. ಸೇನೆ ನಿಗದಿ ಮಾಡಿದ ಹೇರು, ಕಚ್ಚಾ ಹಾದಿಯಲ್ಲಿ ಎರಡೂಕಾಲು ಟನ್ನಿನಷ್ಟು, ಒಳ್ಳೆಯ ರಸ್ತೆಯಲ್ಲಿ ನಾಲ್ಕೂವರೆ. ಎಂಜಿನ್ 7.8 ಲೀಟರಿನದು, ಶಕ್ತಿ 130-140 ಹಾರ್ಸ್‌ಪವರ್ ಮಾತ್ರ. ಇವತ್ತಿನ ಎಷ್ಟೋ ಕಾರುಗಳಿಗೆ ಇದಕ್ಕಿಂತ ಹೆಚ್ಚಿದೆ.

ಇದರ ಗುಟ್ಟಿರುವುದು ಗೇರಿನಲ್ಲಿ. ಎಂಜಿನ್ನಿನ ತಿರುಚುಬಲ ಮೊದಲ ಗೇರಿನಲ್ಲಿ ಸುಮಾರು 5 ಪಟ್ಟಾಗುತ್ತದೆ, ಆ ಬಲವನ್ನು ಮುಂದಿನ-ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ರೇಂಜಿನಲ್ಲಿ ಹತ್ತಿರಹತ್ತಿರ 2 ಪಟ್ಟು, ಆಕ್ಸಲ್‌ನಲ್ಲಿ 6.72 ಪಟ್ಟು. ಗುಣಿಸಿದರೆ 67. ಎಂಜಿನ್ ಕೊಡುವ ತಿರುಚುಬಲ 420 ನ್ಯೂಟನ್-ಮೀಟರ್ ಎಂದು ಹಿಡಿದು, ಐದರಲ್ಲೊಂದು ಪಾಲು ಗೇರುಗಳ ಘರ್ಷಣೆಗೆ ಬಿಟ್ಟರೂ ಆಕ್ಸಲ್‌ಗಳಿಗೆ ತಲುಪುವುದು ಒಟ್ಟು 22,500. ಚಕ್ರದ ತ್ರಿಜ್ಯ 49 ಸೆಂಟಿಮೀಟರ್ ಆದರೆ ನೆಲದ ಮೇಲಿನ ತಳ್ಳುವಿಕೆ ಸುಮಾರು 4.7 ಟನ್.

ಈ ಬಲವನ್ನು ನೆಲ ತಡೆದುಕೊಳ್ಳಬೇಕಲ್ಲ? ಒಣ ಡಾಂಬರಿನ ಹಿಡಿತ ತೂಕದ 0.7 ಪಾಲು ಎಂದರೆ, ಖಾಲಿ ಲಾರಿಗೆ ಸಿಗುವುದು 4.2 ಟನ್. ಎಂಜಿನ್ ಸೋಲುವ ಮುನ್ನವೇ ಚಕ್ರ ಜಾರುತ್ತದೆ. ನಾಲ್ಕೂವರೆ ಟನ್ ಹೇರಿದರೆ ಹಿಡಿತ 7.3 ಟನ್‌ಗೆ ಏರಿ, ಈಗ ಎಂಜಿನ್ ಮೊದಲು ಸೋಲುತ್ತದೆ. ಒಂದೇ ಲಾರಿಯ ಪರೀಕ್ಷೆ ಎರಡು ದಿನ ಎರಡು ಉತ್ತರ ಕೊಡುವುದಕ್ಕೆ ಇದೇ ಕಾರಣ. ಆದ್ದರಿಂದ ಮೊದಲ ಕೆಲಸ ವೇ ಬ್ರಿಜ್‌ನಲ್ಲಿ ಪ್ರತಿ ಆಕ್ಸಲನ್ನೂ ಬೇರೆಬೇರೆಯಾಗಿ ತೂಗುವುದು.

ಇನ್ನು ಮಾರ್ಪಾಟಿನ ವಿಷಯ. ನೋಟಕ್ಕೆಂದು 14.00-20 ಅಳತೆಯ ದೊಡ್ಡ ಟೈರು ಹಾಕಿದರೆ ಲಾರಿಯ ಬಲ ಹೆಚ್ಚಾಯಿತೆಂದು ನಂಬುವವರು ತುಂಬಾ. ನಡೆಯುವುದು ತದ್ವಿರುದ್ಧ. ಆ ಟೈರಿನ ವ್ಯಾಸ ಸುಮಾರು 1.25 ಮೀಟರ್, ಭಾರ ಬಿದ್ದಾಗಿನ ತ್ರಿಜ್ಯ 60 ಸೆಂಟಿಮೀಟರ್ ಹತ್ತಿರ. ಹಾರೆಯನ್ನು ತುದಿ ಬಿಟ್ಟು ನಡುವಿನಲ್ಲಿ ಹಿಡಿದು ಬಂಡೆ ಮೀಟಿದ ಹಾಗೆ, ಅದೇ ತಿರುಚುಬಲಕ್ಕೆ ನೆಲದಲ್ಲಿ ಸಿಗುವ ತಳ್ಳುವಿಕೆ 4.7ರಿಂದ 3.8 ಟನ್‌ಗೆ ಇಳಿಯುತ್ತದೆ. ಬ್ರೇಕಿಗೂ ಇದೇ ಗತಿ, ಡ್ರಮ್ ಹಳೆಯದೇ, ಚಕ್ರ ದೊಡ್ಡದು. ಹಿಂದಿನ ಒಂದು ಆಕ್ಸಲ್ ಕಳಚಿ ನಾಲ್ಕು ಚಕ್ರದ ಗಿಡ್ಡ ಲಾರಿ ಮಾಡಿದರೆ ಆರು ಬ್ರೇಕುಗಳಲ್ಲಿ ಎರಡು ಹೋಗುತ್ತವೆ, ಹೇರನ್ನು ಹಂಚಿಕೊಳ್ಳುತ್ತಿದ್ದ ಆಕ್ಸಲೂ ಹೋಗುತ್ತದೆ. ಅದಕ್ಕೆ ಹಳೆಯ ಹೇರಿನ ಅಂಕಿ ಹೇಳುವುದು ತಪ್ಪು.

ಎಳೆತ ಅಳೆಯಲು ಕೊಕ್ಕೆಗೂ ಹಿಂದಿನ ಭಾರಕ್ಕೂ ನಡುವೆ ಎಳೆತದ ಬಲ ಅಳೆಯುವ, 10 ಟನ್ ಸಾಮರ್ಥ್ಯದ ಲೋಡ್ ಸೆಲ್ ಕಟ್ಟಬೇಕು. ಎಂದೂ ಜಗ್ಗಿ ಹೊರಡಬಾರದು. ಜಗ್ಗಿದ ಕ್ಷಣದ ಬಲ ನಿಂತ ಎಳೆತದ ಎರಡು ಪಟ್ಟು ದಾಟಬಹುದು, ಉಕ್ಕಿನ ಹಗ್ಗ ತುಂಡಾದರೆ ಹತ್ತಿರದವರ ಪ್ರಾಣಕ್ಕೇ ಕುತ್ತು. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಮುಂದಿನ ಆಕ್ಸಲ್‌ಗೂ ಎಂಜಿನ್ ಬಲ ಸೇರಿಸಿಯೇ ಎಳೆಯಿರಿ. ಹಗ್ಗವನ್ನು ಆದಷ್ಟು ತಗ್ಗಿನಲ್ಲಿ ಕಟ್ಟಿ. ಕೊಕ್ಕೆ 80 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 3.9 ಮೀಟರ್ ವೀಲ್‌ಬೇಸಿನ ಲಾರಿಯಲ್ಲಿ 4 ಟನ್ ಎಳೆತ ಮುಂದಿನ ಆಕ್ಸಲ್‌ನಿಂದ ಸುಮಾರು 800 ಕಿಲೋ ಭಾರ ಕಿತ್ತು ಹಿಂದಕ್ಕೆ ಹಾಕುತ್ತದೆ. ಆಗ ಸ್ಟೀರಿಂಗ್ ಹಗುರಾಗಿ ಲಾರಿ ಹೇಳಿದ ಕಡೆ ತಿರುಗುವುದಿಲ್ಲ.

ಆಮೇಲೆ ಏರು. ಅಮೆರಿಕದ ಎಸ್‌ಎಇ ಜೆ2807 ಎಂಬ, ಎಳೆಯುವ ಮಿತಿ ಪರೀಕ್ಷಿಸುವ ಮಾನಕದಲ್ಲಿ ಪಿಕಪ್‌ಗಳು 12% ಏರಿನಲ್ಲಿ ನಿಂತಲ್ಲಿಂದ ಹೊರಟು 5 ಮೀಟರಿನಷ್ಟು ಹತ್ತಬೇಕು. ಇದನ್ನು 5 ನಿಮಿಷದೊಳಗೆ ಐದು ಸಲ ಮಾಡಬೇಕು. ಅರಿಜೋನಾದ ಡೇವಿಸ್ ಡ್ಯಾಂ ಬಳಿಯ ಏರಿನಲ್ಲಿ 18 ಕಿಲೋಮೀಟರಿಗೆ 900 ಮೀಟರ್ ಮೇಲೇರುವಾಗ, ಹಿಂದೆ ಒಂಟಿ ಟೈರಿನ ಪಿಕಪ್ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗಿಳಿಯಬಾರದು. ನಮ್ಮ ಎಂ35ಕ್ಕೆ ನಾಲ್ಕೂವರೆ ಟನ್ ಹೇರು, ನಾಲ್ಕೂವರೆ ಟನ್ ಟ್ರೇಲರ್ ಹಾಕಿ ಒಟ್ಟು 15 ಟನ್ ಮಾಡಿ. 12% ಏರಿಗೆ ಬೇಕಾದ ಬಲ 2 ಟನ್, ಅದು ಧಾರಾಳವಾಗಿದೆ, ಆದರೆ ವೇಗ ಗಂಟೆಗೆ 14 ಕಿಲೋಮೀಟರ್. ಡೇವಿಸ್ ಡ್ಯಾಂ ಏರಿನಲ್ಲಿ 30 ಸಿಕ್ಕರೆ ಹೆಚ್ಚು. ಹಾರ್ಸ್‌ಪವರ್ ನಿರ್ಧರಿಸುವುದು ಈ ವೇಗವನ್ನೇ ಹೊರತು ಎಳೆಯುವ ತೂಕವನ್ನಲ್ಲ. ವೇಗಕ್ಕೆಂದು ಡೀಸೆಲ್ ಪಂಪ್ ತಿರುವಿ ಹೆಚ್ಚು ಇಂಧನ ಬಿಡುವವರು ಟರ್ಬೊ ಮುಂದೆ ಹೊಗೆಯ ಉಷ್ಣಾಂಶ ತೋರಿಸುವ ಪೈರೋಮೀಟರ್ ಹಾಕಲೇಬೇಕು. 650 ಡಿಗ್ರಿ ದಾಟಿದ ಕೂಡಲೇ ಕಾಲು ತೆಗೆಯದಿದ್ದರೆ ಪಿಸ್ಟನ್ ಉಳಿಯುವುದು ಕಷ್ಟ.

ನಿಜವಾದ ಮಿತಿ ಇರುವುದು ಇಳಿಜಾರಿನಲ್ಲಿ. ಆ 15 ಟನ್ನನ್ನು 900 ಮೀಟರ್ ಇಳಿಸಿದಾಗ ಉರುಳುವಿಕೆಯ ಪ್ರತಿರೋಧ ಮೂರನೇ ಒಂದು ಪಾಲು ತಿಂದರೂ, ಉಳಿದ ಶಕ್ತಿ 34 ಲೀಟರ್ ನೀರನ್ನು ಪೂರ್ತಿ ಆವಿ ಮಾಡುವಷ್ಟು. ಎಂಜಿನ್ ಬ್ರೇಕಿಂಗ್‌ಗೆ (ಕೆಳ ಗೇರಿನಲ್ಲಿ ಎಂಜಿನ್ನೇ ವೇಗ ತಡೆಯಲು) ಬಿಡದ ಡ್ರೈವರ್ ಅಷ್ಟೂ ಶಾಖವನ್ನು ಡ್ರಮ್ಮುಗಳಿಗೆ ಸುರಿಯುತ್ತಾನೆ. ಕಾದ ಡ್ರಮ್ ಹಿಗ್ಗಿ ಒಳಗಿನ ಬ್ರೇಕ್ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ, ದ್ರವ ಕುದಿದರೆ ಪೆಡಲ್ಲೇ ಇಲ್ಲ. ಎಂ35ಎ2ನಲ್ಲಿ ಇನ್ನೊಂದು ತೊಡಕಿದೆ. ಗಾಳಿಯ ನೆರವಿನ ಅದರ ಹೈಡ್ರಾಲಿಕ್ ಬ್ರೇಕಿಗೆ ಒಂದೇ ಕೊಳವೆ ಜಾಲ, ಒಂದು ವೀಲ್ ಸಿಲಿಂಡರ್ ಸೋರಿದರೂ ಆರೂ ಚಕ್ರದ ಬ್ರೇಕ್ ಹೋಗುತ್ತದೆ. ಎರಡು ಜಾಲದ ಮಾಸ್ಟರ್ ಸಿಲಿಂಡರ್ ಹಾಕದೆ ಹೇರಿನ ಪರೀಕ್ಷೆಗೇ ಇಳಿಯಬೇಡಿ.

ಹೇರನ್ನು ಅರ್ಧ ಟನ್‌ನಂತೆ ಏರಿಸುತ್ತಾ, ಪ್ರತಿ ಸಲವೂ ಬ್ರೇಕ್ ತಣ್ಣಗಿದ್ದಾಗ ಮತ್ತು ಇಳಿಜಾರು ಮುಗಿದೊಡನೆ ಒಂದೇ ವೇಗದಿಂದ ನಿಲ್ಲಿಸಿ ದೂರ ಅಳೆಯಬೇಕು. ಗಾಲಿಗೆ ಕಲ್ಲು ಕೊಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪ್ರತಿ ಡ್ರಮ್ಮಿನ ಉಷ್ಣಾಂಶ ಬರೆದುಕೊಳ್ಳಿ. ಐದು ಡ್ರಮ್ ಕಾದು ಒಂದು ತಣ್ಣಗಿದ್ದರೆ ಆ ಒಂದು ಕೆಲಸ ಮಾಡುತ್ತಿಲ್ಲ, ಅದರ ಪಾಲನ್ನು ಉಳಿದವು ಹೊರುತ್ತಿವೆ. ಅದರ ಚಕ್ರ ಬಿಚ್ಚಿ ಶೂ ಮತ್ತು ಸಿಲಿಂಡರ್ ನೋಡುವವರೆಗೆ ಮುಂದಿನ ಅರ್ಧ ಟನ್ ಏರಿಸಬಾರದು.