ಠರಾವಿನಿಂದ ಸದಸ್ಯತ್ವ ಕಡ್ಡಾಯವಾಗುವುದಿಲ್ಲ

ಅಪಾರ್ಟ್‌ಮೆಂಟ್ ಸಂಘದವರು ನನ್ನ ಕಚೇರಿಗೆ ಬಂದರೆ ಮೊದಲು ಮೇಜಿನ ಮೇಲೆ ಬೀಳುವುದು ನಡಾವಳಿ ಪುಸ್ತಕ. 'ಇನ್ನು ಮುಂದೆ ಎಲ್ಲ ಮಾಲೀಕರಿಗೂ ಸದಸ್ಯತ್ವ ಕಡ್ಡಾಯ' ಎಂಬ ಠರಾವು, ಕೆಳಗೆ ಎರಡು ಪುಟ ತುಂಬ ಸಹಿ. "ಮುಕ್ಕಾಲು ಪಾಲು ಜನ ಒಪ್ಪಿದ್ದಾರೆ ಸಾರ್, ಉಳಿದವರಿಗೆ ನೋಟಿಸ್ ಕಳಿಸಿಬಿಡಿ" ಎನ್ನುತ್ತಾರೆ. ನಿಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಕೇಳಿದರೆ ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡುತ್ತಾರೆ.

ಬೆಂಗಳೂರಿನಲ್ಲಿ ಹೆಚ್ಚಾಗಿ ಸಿಗುವ ಉತ್ತರ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಸಾಹಿತ್ಯ, ವಿಜ್ಞಾನ, ದಾನಧರ್ಮದಂಥ ಉದ್ದೇಶಕ್ಕೆ ಇಷ್ಟಪಟ್ಟು ಸೇರುವವರಿಗಾಗಿ ಇರುವ ಕಾಯ್ದೆ ಅದು. ಅಂಥ ಸಂಘದ ಬಹುಮತ ಒಳಗಿರುವವರನ್ನು ಕಟ್ಟಿಹಾಕುತ್ತದೆಯೇ ಹೊರತು ಹೊರಗಿರುವವರನ್ನಲ್ಲ. ನೂರು ಮನೆಗಳಲ್ಲಿ ತೊಂಬತ್ತೊಂಬತ್ತು ಮಂದಿ ಕೈಯೆತ್ತಿದರೂ ನೂರನೆಯವರು ಸದಸ್ಯರಾಗುವುದಿಲ್ಲ. ಬೈಲಾ ತಿದ್ದಿದರೂ ಅಷ್ಟೇ. ಸೇರದವರಿಗೆ ಆ ಬೈಲಾ ಅನ್ವಯಿಸುವುದೇ ಇಲ್ಲ. ಇದನ್ನು ಒಂದೇ ಸಮಿತಿಗೆ ಮೂರು ಬಾರಿ ಹೇಳಿದ ಮೇಲೂ "ಹಾಗಾದರೆ ವಿಶೇಷ ಸಭೆ ಕರೆದು ಮಾಡೋಣವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ದಾರಿ ಇರುವುದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ. ಅಲ್ಲಿ ಕಾಯ್ದೆಗೆ ಒಳಪಡುವುದು ಆಸ್ತಿ; ಆಸ್ತಿ ಒಳಪಟ್ಟರೆ ಅದರ ಮಾಲೀಕರು, ನಾಳೆ ಕೊಳ್ಳುವವರೂ ಸೇರಿದಂತೆ, ತಾವಾಗಿಯೇ ಸಂಘದೊಳಗಿರುತ್ತಾರೆ. ಸಾಮಾನ್ಯ ವೆಚ್ಚದ ಬಾಕಿ ಆ ಮನೆಯ ಮೇಲಿನ ಋಣಭಾರವಾಗುತ್ತದೆ. ಸರ್ಕಾರದ ತೆರಿಗೆ ಮತ್ತು ಮೊದಲ ಅಡಮಾನದ ಸಾಲ ಬಿಟ್ಟರೆ ಮುಂದಿನ ಸರದಿ ಅದರದು. ನೆಲಮಹಡಿಯ ಹಿರಿಯರೊಬ್ಬರು "ನಾನು ಲಿಫ್ಟ್ ಹತ್ತಿದವನೇ ಅಲ್ಲ, ನನಗೇಕೆ ಅದರ ಖರ್ಚು?" ಎಂದು ವರ್ಷಗಟ್ಟಲೆ ವಾದಿಸಿದ್ದರು. ಬಳಸುವುದಿಲ್ಲ ಎಂಬ ಕಾರಣಕ್ಕೆ ಪಾಲು ತಪ್ಪುವುದಿಲ್ಲ ಎಂದು ಈ ಕಾಯ್ದೆಯೇ ಹೇಳುತ್ತದೆ. ಅವರಿಗೆ ಆ ಪುಟ ಓದಿ ಹೇಳಿದೆ. "ಬರೆದವರು ನೆಲಮಹಡಿಯಲ್ಲಿ ಇರಲಿಲ್ಲ ಬಿಡಿ" ಎಂದು ನಕ್ಕು ಕಾಫಿ ತರಿಸಿದರು. ಅಂಥವರೊಂದಿಗೆ ಜಗಳವಾಡಲು ನನಗೆ ಮನಸ್ಸು ಬರುವುದಿಲ್ಲ.

ತೊಡಕಿರುವುದು ಎರಡನೆಯ ಕಲಮಿನಲ್ಲಿ. ಒಬ್ಬನೇ ಮಾಲೀಕನಿದ್ದರೆ ಅವನು, ಹಲವರಿದ್ದರೆ ಎಲ್ಲರೂ, ಆಸ್ತಿಯನ್ನು ಈ ಕಾಯ್ದೆಗೆ ಒಳಪಡಿಸುತ್ತೇವೆ ಎಂಬ ಘೋಷಣಾ ಪತ್ರ ಬರೆದು ನೋಂದಾಯಿಸಬೇಕು. ಎಲ್ಲರೂ ಎಂದರೆ ಎಲ್ಲರೂ. ಮಾರಾಟವಾಗದ ಮನೆಗಳಿದ್ದರೆ ಬಿಲ್ಡರ್ ಕೂಡ ಮಾಲೀಕನೇ. ಮಾಲೀಕನಾದ ಮಗ ಅಮೆರಿಕದಲ್ಲಿದ್ದರೆ ತನ್ನ ಪರವಾಗಿ ಸಹಿ ಹಾಕಲು ಜಿಪಿಎ, ಅಂದರೆ ಅಧಿಕಾರ ಪತ್ರ, ಕಳಿಸಬೇಕು. ತಂದೆ ತೀರಿಕೊಂಡು ಖಾತೆ ಬದಲಾಗದ ಮನೆಯಿದ್ದರೆ ವಾರಸುದಾರರನ್ನೆಲ್ಲ ಹುಡುಕಬೇಕು. ಮೊದಲ ಮನೆ ಮಾರುವ ಮುನ್ನವೇ ಬಿಲ್ಡರ್ ಈ ಕೆಲಸ ಮುಗಿಸಿದ್ದರೆ ಅವನೊಬ್ಬನ ಸಹಿ ಸಾಕಿತ್ತು.

"ರೇರಾದಲ್ಲಿ ಇದೆಯಲ್ಲ" ಎಂದು ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯನ್ನು ತೋರಿಸುವವರೂ ಇದ್ದಾರೆ. ಸಂಘ ಸ್ಥಾಪಿಸುವುದರಲ್ಲಿ ಖರೀದಿದಾರರು ಪಾಲ್ಗೊಳ್ಳಬೇಕೆಂದು 2016ರ ಆ ಕಾಯ್ದೆ ಹೇಳುವುದು ನಿಜ. ಆದರೆ ಈಗಾಗಲೇ ಬೇರೆ ಕಾಯ್ದೆಯಡಿ ಹುಟ್ಟಿರುವ ನಿಮ್ಮ ಸಂಘಕ್ಕೆ ಅದು ಜೀವ ತುಂಬುತ್ತದೆಂದು ನಾನು ಬರೆದುಕೊಡಲಾರೆ. ನಿವೇಶನಗಳ ಬಡಾವಣೆಯವರಿಗಂತೂ ಈ ಅಪಾರ್ಟ್‌ಮೆಂಟ್ ಕಾಯ್ದೆಯೇ ಅನ್ವಯಿಸುವುದಿಲ್ಲ. ಅವರ ಮಾತು ಬೇರೆ.

ಸಹಿ ಪೂರ್ತಿಯಾಗುವವರೆಗೆ ಏನು ಮಾಡುವುದು? ಮೊದಲು ಪ್ರತಿಯೊಬ್ಬರ ಕ್ರಯಪತ್ರ ತೆಗೆಸಿ ಓದಿ. ನಿರ್ವಹಣಾ ಶುಲ್ಕ ಕೊಡುತ್ತೇನೆಂಬ ಷರತ್ತು ಬಿಲ್ಡರ್ ಮಾಡಿಸಿದ ಮೊದಲ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ, ಮರುಮಾರಾಟದ ಪತ್ರದಲ್ಲಿ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಸೇವೆ ಪಡೆದು ಹಣ ಕೊಡದವರ ಮೇಲೆ ವಸೂಲಿ ದಾವೆ ಹೂಡಲು ಆ ಷರತ್ತು ನೆರವಾಗಬಹುದು; ಗೆಲುವು ನಿಮ್ಮ ಕಾಗದಪತ್ರ ಎಷ್ಟು ಗಟ್ಟಿ ಎಂಬುದರ ಮೇಲೆ ನಿಂತಿದೆ. ನೀರಿನ ವಾಲ್ವ್ ಮಾತ್ರ ತಿರುಗಿಸಬೇಡಿ. ಆಮೇಲೆ ನ್ಯಾಯಾಲಯದಲ್ಲಿ ಬಾಕಿಯ ಮಾತು ಹಿಂದೆ ಸರಿದು ನಿಮ್ಮ ವಾಲ್ವಿನದೇ ವಿಚಾರಣೆಯಾಗುತ್ತದೆ.

ಹಟ ಹಿಡಿದವರು ಬಗ್ಗುವುದು ಹೆಚ್ಚಾಗಿ ಮನೆ ಮಾರುವಾಗ. ಕೊಳ್ಳುವವರ ಬ್ಯಾಂಕ್ ಸಂಘದಿಂದ ಬಾಕಿಯಿಲ್ಲವೆಂಬ ಪತ್ರ ತನ್ನಿ ಎನ್ನುತ್ತದೆ; ಆಗ ಮಾರುವವರೇ ಸಮಿತಿಯ ಬಾಗಿಲಿಗೆ ಬರುತ್ತಾರೆ. ಆಗ ಹಳೆಯ ಲೆಕ್ಕ ಚುಕ್ತಾ ಮಾಡಿಕೊಳ್ಳುವುದರ ಜೊತೆಗೆ, ಹೊಸಬರ ಕ್ರಯಪತ್ರದಲ್ಲಿ ಘೋಷಣಾ ಪತ್ರಕ್ಕೆ ಸಹಿ ಹಾಕುವ ಷರತ್ತನ್ನು ಸೇರಿಸಿ ಎಂದು ಇಬ್ಬರನ್ನೂ ಕೂರಿಸಿ ಕೇಳಿ.