ಪಿನ್ ಕೂತ ತೂತನ್ನು ಎಣಿಸಬೇಡಿ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನ ನಮ್ಮ ವರ್ಕ್‌ಶಾಪಿಗೆ ಪಲ್ಪರ್ ಗೇರ್‌ಗಳು ಬರಲು ಶುರು. ಅರೇಬಿಕಾ ಕಾಫಿ ಕೊಯ್ಲಿನ ಹೊತ್ತು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು, ರಾಶಿ ಹಾಕಿ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ. ಹಾಗಾಗಿ ಎಸ್ಟೇಟ್ ರೈಟರ್ (ತೋಟದ ಲೆಕ್ಕ ನೋಡುವವರು) ಮುರಿದ ಗೇರನ್ನು ಗೋಣಿಯಲ್ಲಿ ಸುತ್ತಿ ತಂದು ಬೆಂಚಿನ ಮೇಲಿಟ್ಟು, "ಅಣ್ಣಾ, ಸಂಜೆಯೊಳಗೆ ಆಗುತ್ತಾ?" ಅಂತ ಕೇಳುತ್ತಾರೆ. ಹಳೇ ಪಲ್ಪರ್‌ಗೆ ಹೊಸ ಗೇರ್ ಅಂಗಡಿಯಲ್ಲಿ ಸಿಗುವುದು ಕಷ್ಟ. ನಾವೇ ಹಲ್ಲು ಕಡಿಯಬೇಕು.

ಮಿಲ್ಲಿಂಗ್ ಮೆಷಿನ್ನಿನ ಕಟ್ಟರ್ ಒಂದು ಸಲಕ್ಕೆ ಎರಡು ಹಲ್ಲಿನ ನಡುವಿನ ಒಂದೇ ಸಂದನ್ನು ಕಡಿಯುತ್ತದೆ. ಆಮೇಲೆ ಬ್ಲ್ಯಾಂಕನ್ನು, ಅಂದರೆ ಹಲ್ಲು ಕಡಿಯಲು ಇಟ್ಟ ದುಂಡು ತುಂಡನ್ನು, ಲೆಕ್ಕವಾಗಿ ತಿರುಗಿಸಿ ಮುಂದಿನ ಸಂದಿಗೆ ತರಬೇಕು. ಆ ಕೆಲಸ ಡಿವೈಡಿಂಗ್ ಹೆಡ್‌ದು. ಅದರೊಳಗೆ ಒಂದು ವರ್ಮ್ (ಸ್ಕ್ರೂನಂಥ ಗೇರ್), ಅದಕ್ಕೆ ಕೂಡಿಕೊಂಡ 40 ಹಲ್ಲಿನ ವೀಲ್. ವರ್ಮ್ ತಿರುಗಿಸುವ ಹಿಡಿ, ಅಂದರೆ ಕ್ರ್ಯಾಂಕ್, 40 ಸುತ್ತು ಹೊಡೆದರೆ ಜಾಬ್ (ಕಡಿಯುತ್ತಿರುವ ಬ್ಲ್ಯಾಂಕ್) ಒಂದು ಸುತ್ತು. ಹಾಗಾಗಿ 40ನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಆಯ್ತು. 20 ಹಲ್ಲಿಗೆ ಎರಡು ಸುತ್ತು. 28 ಹಲ್ಲಿಗೆ ಒಂದು ಸುತ್ತು, ಮೇಲೆ ಏಳರಲ್ಲಿ ಮೂರು ಭಾಗ. ಈ ಚೂರು ಸುತ್ತಿಗಾಗಿಯೇ ತೂತಿನ ಪ್ಲೇಟ್ ಇರುವುದು. ಅದರಲ್ಲಿ ಸುತ್ತಲೂ ತೂತಿನ ಸಾಲುಗಳು, ಕ್ರ್ಯಾಂಕಿನ ಪಿನ್ ಆ ತೂತಿನಲ್ಲಿ ಕೂರುತ್ತದೆ. 21 ತೂತಿನ ಸಾಲು ಹಿಡಿದರೆ ಏಳರಲ್ಲಿ ಮೂರು ಅಂದರೆ 9 ತೂತು.

ಈ ಒಂಬತ್ತರಲ್ಲೇ ಜಾಸ್ತಿ ಜನ ಎಡವುತ್ತಾರೆ. ಒಂದು ಸೀಸನ್ನಿನಲ್ಲಿ ಐಟಿಐ ಮುಗಿಸಿ ಬಂದ ಹುಡುಗನಿಗೆ ಇದೇ 28 ಹಲ್ಲಿನ ಗೇರ್ ಕೊಟ್ಟಿದ್ದೆ. ಲೆಕ್ಕ ಸರಿಯಾಗಿಯೇ ಬರೆದಿದ್ದ. ಆದರೆ ಪಿನ್ ಕೂತಿದ್ದ ತೂತನ್ನೇ ಒಂದು ಅಂತ ಎಣಿಸಿ ಸೆಕ್ಟರ್ ಆರ್ಮ್ (ಎಣಿಕೆಯ ಗುರುತಿಗೆ ಪ್ಲೇಟಿನ ಮೇಲಿರುವ ಎರಡು ಕಡ್ಡಿ) ಕಟ್ಟಿದ. ಪಿನ್ ಸರಿದದ್ದು ಎಂಟೇ ತೂತು. ಪ್ರತಿ ಹಲ್ಲಿಗೆ ತಪ್ಪಿದ್ದು ಅರ್ಧ ಡಿಗ್ರಿಗಿಂತ ಕಡಿಮೆ, ಕಣ್ಣಿಗೆ ಗೊತ್ತೇ ಆಗಲ್ಲ. ಆದರೆ 27 ಸಲ ಸೇರಿದ ತಪ್ಪೆಲ್ಲ ಕೊನೆಯ ಹಲ್ಲಿನ ಮೇಲೆ ಬಿತ್ತು. ಅಲ್ಲಿ ಇನ್ನೊಂದು ಹಲ್ಲು ಹಿಡಿಯುವಷ್ಟು ದಪ್ಪ ಕಬ್ಬಿಣ ಉಳಿದಿತ್ತು! ಅರ್ಧ ದಿನದ ಕೆಲಸ ಗುಜರಿಗೆ. ಹುಡುಗ ಮಾತಾಡದೆ ಆ ದಪ್ಪ ಹಲ್ಲನ್ನು ಬೆರಳಲ್ಲಿ ಸವರುತ್ತಾ ನಿಂತಿದ್ದ. ಬೈಯಲು ಮನಸ್ಸು ಬರಲಿಲ್ಲ. ನಾನು ಪಕ್ಕದಲ್ಲಿ ನಿಂತು ತೋರಿಸಬೇಕಿತ್ತು.

ನೀವು ಎಣಿಸುವುದು ಹೆಜ್ಜೆಯನ್ನು, ತೂತನ್ನಲ್ಲ. ಪಿನ್ ಕೂತ ತೂತು ಸೊನ್ನೆ, ಅದರ ಮುಂದಿನದು ಒಂದು. ಸೆಕ್ಟರ್ ಆರ್ಮ್‌ಗಳ ನಡುವೆ ಎಲ್ಲ ಸೇರಿ 10 ತೂತು ಕಾಣಬೇಕು.

ಇನ್ನು ವರ್ಮ್‌ನ ಸಡಿಲ. ಹಳೇ ಹೆಡ್ ಆದರೆ ಕ್ರ್ಯಾಂಕ್ ಒಂಚೂರು ತಿರುಗಿದರೂ ಜಾಬ್ ಅಲ್ಲಾಡಲ್ಲ. ಅದಕ್ಕೇ ಯಾವಾಗಲೂ ಒಂದೇ ಕಡೆಗೆ ತಿರುಗಿಸಬೇಕು. ತೂತು ದಾಟಿ ಹೋಯಿತಾ? ಸುಮ್ನೆ ಅಷ್ಟೇ ಹಿಂದಕ್ಕೆ ತಂದು ಪಿನ್ ಹಾಕಬೇಡಿ. ಅರ್ಧ ಸುತ್ತು ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬಂದು ಕೂರಿಸಿ. ಕಡಿಯುವ ಮೊದಲು ಹೆಡ್ಡಿನ ಸ್ಪಿಂಡಲ್ (ಜಾಬ್ ಹಿಡಿದ ದಂಡ) ಲಾಕ್, ತಿರುಗಿಸುವ ಮೊದಲು ಅನ್‌ಲಾಕ್.

ಬ್ರೌನ್ ಅಂಡ್ ಶಾರ್ಪ್ ಕಂಪನಿ ಮಾದರಿಯ ಮೂರು ಪ್ಲೇಟ್‌ಗಳಲ್ಲಿ 15ರಿಂದ 49 ತೂತಿನವರೆಗೆ ಬೇರೆ ಬೇರೆ ಸಾಲುಗಳಿವೆ, ನಮ್ಮ ಕಡೆಯ ಕೆಲಸಕ್ಕೆ ಹೆಚ್ಚೂಕಮ್ಮಿ ಸಾಕು. 53 ಹಲ್ಲಿನಂಥ ಸಂಖ್ಯೆ ಬಂದರೆ ಅವು ಸಾಲದು, ಚೇಂಜ್ ಗೇರ್ ಕಟ್ಟಿ, ಪ್ಲೇಟೂ ಜೊತೆಗೆ ತಿರುಗುವ ಡಿಫರೆನ್ಶಿಯಲ್ ಇಂಡೆಕ್ಸಿಂಗ್ ಮಾಡಬೇಕು. ರೋಟರಿ ಟೇಬಲ್ (ಜಾಬ್ ಕೂರಿಸಿ ತಿರುಗಿಸುವ ಮೇಜು) ಬಳಸುವವರು ಮಾತ್ರ ಹುಷಾರು. ಅದರಲ್ಲಿ ಕ್ರ್ಯಾಂಕಿನ 90 ಸುತ್ತಿಗೆ ಜಾಬ್ ಒಂದು ಸುತ್ತು ಬರುವಂಥದ್ದೂ ಇರುತ್ತದೆ. ಕ್ರ್ಯಾಂಕ್ ಸುತ್ತಿ, ಎಣಿಸಿ ನೋಡಿಕೊಂಡೇ ಲೆಕ್ಕಕ್ಕೆ ಕೂರಿ.

ಆ ದಿನ ಎರಡನೇ ಬ್ಲ್ಯಾಂಕನ್ನು ಹುಡುಗನ ಕೈಯಲ್ಲೇ ಮಾಡಿಸಿದೆ. ಶುರುವಿನ ತೂತಿಗೆ ಸೀಮೆಸುಣ್ಣ ಹಚ್ಚಿದೆವು. ಗೀರು ಕಾಣಲೆಂದು ಬ್ಲ್ಯಾಂಕಿಗೆ ನೀಲಿ ಬಣ್ಣ ಬಳಿದು, ಕಟ್ಟರ್ ಬರೀ ಮುಟ್ಟುವಷ್ಟು ಇಳಿಸಿ, ಹಲ್ಲಿಗೊಂದು ಗೀರು ಹಾಕುತ್ತಾ ಪೂರ್ತಿ ಸುತ್ತು ಬಂದೆವು. 28ನೇ ಸಲ ತಿರುಗಿಸಿದಾಗ ಪಿನ್ ಸೀಮೆಸುಣ್ಣದ ತೂತಿಗೇ ಬಂದು ಕೂತಿತು. ಕಟ್ಟರ್ ಮೊದಲ ಗೀರಿನ ಮೇಲೇ ನಿಂತಿತ್ತು. ಆಮೇಲೆ ಡೆಪ್ತ್ ಕೊಟ್ಟೆವು.