ಪದ ಪರಿಚಯ: ಉಳ್ಳವರ ಹಿಡಿತ

ಅರ್ಥಶಾಸ್ತ್ರದವರು ‘ಎಲೀಟ್ ಕ್ಯಾಪ್ಚರ್’ ಎನ್ನುವುದನ್ನು ಕನ್ನಡದಲ್ಲಿ ‘ಉಳ್ಳವರ ಹಿಡಿತ’ ಎನ್ನಬಹುದು. ಎಲ್ಲರಿಗೆಂದು ಹೊರಟ ಸವಲತ್ತು, ಕಾನೂನು, ಸಂಸ್ಥೆಗಳು ಮೊದಲೇ ಬಲವಿದ್ದವರ ಕೈಸೇರಿ, ಅವರ ಅನುಕೂಲಕ್ಕೆ ಬಾಗುವುದೇ ಇದು. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಹತ್ತಿರದ್ದೆನಿಸಿದರೂ ಅರ್ಧವನ್ನಷ್ಟೇ ಹೇಳುತ್ತದೆ. ವರ ಯಾರಿಗೆ ಎಂದು ಬರೆಯುವ ಕೈಯೂ ಇಲ್ಲಿ ಉಳ್ಳವರದೇ. ಲಂಚ, ಕಳ್ಳತನ ಏನೂ ಇಲ್ಲದೆ, ಪೂರ್ತಿ ಕಾನೂನುಬದ್ಧವಾಗಿಯೇ ಇದು ನಡೆಯಬಲ್ಲದು.

ಹಳ್ಳಿಯಲ್ಲಿ ಇದರ ಬೇರು ಜಮೀನಿನಲ್ಲಿದೆ. ಜಗತ್ತಿನ ಹಿಡುವಳಿಗಳಲ್ಲಿ ಸುಮಾರು ಶೇ 84ರಷ್ಟು 2 ಹೆಕ್ಟೇರ್‌ಗಿಂತ ಚಿಕ್ಕವು. ಅವುಗಳಲ್ಲಿರುವುದು ಕೃಷಿಭೂಮಿಯ ಶೇ 12 ಮಾತ್ರ. ಅತಿ ದೊಡ್ಡ ಶೇ 1ರಷ್ಟು ಹಿಡುವಳಿಗಳಲ್ಲಿ ಸುಮಾರು ಶೇ 70 ಭೂಮಿ ಸೇರಿಕೊಂಡಿದೆ. ಭೂಮಿಯಿದ್ದವನಿಗೆ ಸಾಲ ಹುಟ್ಟುತ್ತದೆ, ನೀರು ಹರಿಯುತ್ತದೆ, ಕಚೇರಿಯಲ್ಲಿ ಕುರ್ಚಿಯೂ ಸಿಗುತ್ತದೆ.

ಗೇಣಿದಾರನೊಬ್ಬನನ್ನು ನೆನೆಯಿರಿ. ಅವನ ಗೇಣಿ ಬಾಯಿಮಾತಿನದು, ಪತ್ರವಿಲ್ಲ. ಹಕ್ಕು ಕೊಡುವ ಕಾನೂನು ಬಂದಿದೆ. ವಿಚಾರಣೆಗೆ ಬಂದ ಅಧಿಕಾರಿ ‘ಈ ಹೊಲ ಉಳುವವರು ಯಾರು?’ ಎಂದು ಕೇಳುತ್ತಾನೆ. ಎದುರಿಗೆ ಧಣಿ ಕುಳಿತಿದ್ದಾನೆ. ಮುಂದಿನ ಬಿತ್ತನೆಗೆ ಬೀಜದ ಸಾಲ ಕೇಳಬೇಕಾದದ್ದು ಅವನನ್ನೇ. ಮಗಳ ಕಾಯಿಲೆಗೆ ಹಣ ಕೊಟ್ಟವನೂ ಅವನೇ. ಗೇಣಿದಾರ ತಲೆ ತಗ್ಗಿಸಿ ‘ನಾನು ಕೂಲಿಯವನು’ ಎನ್ನುತ್ತಾನೆ. ಆ ಒಂದು ಮಾತಿಗೆ ಅವನ ಪಾಲಿನ ಕಾನೂನು ಮುಗಿಯಿತು. ಇಂಥವನನ್ನು ಹೇಡಿ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಯಿ ಬಿಟ್ಟರೆ ಕಳೆದುಕೊಳ್ಳುವುದೇನೆಂದು ಅವನಿಗೆ ಚೆನ್ನಾಗಿ ಗೊತ್ತು.

ಬರೆಯುವ ಹಂತದಲ್ಲೇ ಕಾನೂನು ಹಿಡಿತಕ್ಕೆ ಸಿಕ್ಕುವುದಕ್ಕೆ ಫಿಲಿಪ್ಪೀನ್ಸ್ ಸಾಕ್ಷಿ. 1988ರ ಭೂಸುಧಾರಣಾ ಕಾಯ್ದೆಯನ್ನು ಅಂಗೀಕರಿಸಿದ ಸಂಸತ್ತಿನಲ್ಲಿ ಜಮೀನ್ದಾರಿ ಮನೆತನಗಳವರು ಬಹಳ ಮಂದಿ ಇದ್ದರು. ಕಂಪನಿ ಹೆಸರಿನಲ್ಲಿರುವ ಎಸ್ಟೇಟುಗಳು ಭೂಮಿಯ ಬದಲು ಷೇರು ಹಂಚಬಹುದೆಂಬ ಕಲಮು ಅದರೊಳಗೆ ಸೇರಿತು. ಆಗಿನ ಅಧ್ಯಕ್ಷೆ ಕೊರಜಾನ್ ಅಕಿನೊ ಅವರ ತವರು ಮನೆತನದ ಹಸಿಯೆಂಡಾ ಲುಯಿಸಿತಾ, ಸುಮಾರು 6,400 ಹೆಕ್ಟೇರ್‌ಗಳ ಕಬ್ಬಿನ ಎಸ್ಟೇಟು, ಇದೇ ಕಲಮನ್ನು ಬಳಸಿತು. ಕಬ್ಬು ಕಡಿಯುವವರಿಗೆ ಬಂದದ್ದು ಷೇರು. ಭೂಮಿಯನ್ನೇ ಹಂಚಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2011ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಕೃಷಿ ಸಹಾಯಧನದ ಕಥೆಯೂ ಬೇರೆಯಲ್ಲ. ಐರೋಪ್ಯ ಒಕ್ಕೂಟ ಅದನ್ನು ಬಹುಮಟ್ಟಿಗೆ ಹೆಕ್ಟೇರ್ ಲೆಕ್ಕದಲ್ಲಿ ಕೊಡುವುದರಿಂದ ಸುಮಾರು ಶೇ 80ರಷ್ಟು ನೇರ ಪಾವತಿ ಶೇ 20ರಷ್ಟು ಫಲಾನುಭವಿಗಳನ್ನು ಸೇರುತ್ತದೆ.

ಹಿಡಿತ ಸಡಿಲವಾದದ್ದೂ ಉಂಟು. ಜಪಾನಿನ 1946ರ ಭೂಸುಧಾರಣೆಯ ಹಿಂದೆ ಮಿತ್ರರಾಷ್ಟ್ರಗಳ ಸೇನಾಡಳಿತವಿತ್ತು. ಅದಕ್ಕೆ ಅಲ್ಲಿನ ಧಣಿಗಳ ಹಂಗಿರಲಿಲ್ಲ. ಇಷ್ಟನ್ನೇ ಹೇಳಿ ಸುಮ್ಮನಾಗುವವರು ಒಂದು ಸಣ್ಣ ವಿವರವನ್ನು ಬಿಟ್ಟುಬಿಡುತ್ತಾರೆ. ಹಳ್ಳಿಯ ಭೂಸಮಿತಿಯ 10 ಸ್ಥಾನಗಳಲ್ಲಿ 5 ಗೇಣಿದಾರರಿಗೆ, 3 ಭೂಮಾಲೀಕರಿಗೆ, 2 ಸ್ವಂತ ಜಮೀನು ಉಳುವವರಿಗೆ ಮೀಸಲಾಗಿದ್ದವು. ‘ಉಳುವವರು ಯಾರು?’ ಎಂಬ ಪ್ರಶ್ನೆಗೆ ಅಲ್ಲಿ ಗೇಣಿದಾರ ಒಬ್ಬಂಟಿಯಾಗಿ ಉತ್ತರಿಸಬೇಕಿರಲಿಲ್ಲ. ಸುಮಾರು ಶೇ 46ರಷ್ಟಿದ್ದ ಗೇಣಿ ಭೂಮಿ ಕೆಲವೇ ವರ್ಷಗಳಲ್ಲಿ ಶೇ 10ರ ಆಸುಪಾಸಿಗೆ ಇಳಿಯಿತು.